ಹಿಮ್ಮಡಿ ನಿಂತ ಜಾಗ

ನನ್ನ ಗಾಡಿ ಹತ್ತುವವರು ಸೀಟು ನೋಡುತ್ತಾರೆ, ಎಸಿ ಇದೆಯೇ ಅಂತ ಕೇಳುತ್ತಾರೆ. ಕೆಳಗೆ ಯಾರೂ ನೋಡುವುದಿಲ್ಲ. ಆದ್ದರಿಂದ ನಾನೇ ನೋಡಿಸುತ್ತೇನೆ. ಬಾಗಿಲು ತೆಗೆದು ನಿಲ್ಲಿಸಿ, "ಅಲ್ಲಿ ನೋಡ್ರಿ, ಎಕ್ಸಲೇಟರ್ ಬುಡಕ್ಕ" ಅನ್ನುತ್ತೇನೆ. ಅಲ್ಲಿ ಮ್ಯಾಟಿನ ಮೇಲೆ ಎರಡು ಅಂಗೈ ಅಗಲದ, ಜಡೆ ಹೆಣೆದು ಸುತ್ತಿ ಹೊಲಿದ ಒಂದು ದಪ್ಪ ತುಂಡು ಇದೆ. ಕೆಂಪು, ಗಿಳಿಹಸಿರು, ಕುಂಕುಮದ ಬಣ್ಣ, ನಡುವೆ ಒಂದೊಂದು ಜರಿಯ ಎಳೆ. ಯಾವ ಅಂಗಡಿಯಲ್ಲಿ ಕೊಂಡಿರಿ ಅಂತ ಕೇಳಿದರೆ ನನಗೆ ಒಳಗೊಳಗೇ ಹಿಗ್ಗು. ಅಂಗಡಿಯಲ್ಲಿ ಅದು ಸಿಗುವುದಿಲ್ಲ. ರಬಕವಿಯ ನಮ್ಮ ಮನೆಯ ಮಗ್ಗದ ಕಸದಿಂದ ಆದದ್ದು ಅದು. ಕಸ ಅಂತ ನಾನು ಅನ್ನಬಹುದು, ಬೇರೆಯವರು ಅಂದರೆ ನನಗೆ ಸಿಟ್ಟು ಬರುತ್ತದೆ.

ಗಾಡಿ ಮೊದಲು ನನ್ನದಾಗಿರಲಿಲ್ಲ, ನನ್ನ ಗಂಡನದಾಗಿತ್ತು. ನಮ್ಮಲ್ಲಿ ನಾಲ್ಕು ಪಾವರ್‌ಲೂಮ್ ಇವೆ. ಅವುಗಳಲ್ಲಿ ಇಳಿದ ಸೀರೆಗಳನ್ನು ಗಂಟು ಕಟ್ಟಿ ಜಮಖಂಡಿ, ಮುಧೋಳ, ಬೀಳಗಿ ಅಂಗಡಿಗಳಿಗೆ ಮುಟ್ಟಿಸುವುದು ಅವರ ಕೆಲಸ. ಒಂಬತ್ತು ವರ್ಷ ಅವರು ಆ ಗಾಡಿಯನ್ನು ಓಡಿಸಿದರು. ಶೋರೂಮಿನಿಂದ ಬಂದ ಮ್ಯಾಟುಗಳೇ ಒಂಬತ್ತು ವರ್ಷವೂ ಇದ್ದವು. ಅವುಗಳ ಮೇಲಿನ ಎಳೆಯ ಜೂಲು ಸಹ ಚಪ್ಪಟೆಯಾಗಿ ಮಲಗಿರಲಿಲ್ಲ ಅಂದರೆ ನೀವು ನಂಬಬೇಕು. ಗಾಡಿ ಹತ್ತುವವರು ಕಾಲು ಎರಡು ಸಲ ಜಾಡಿಸಿಯೇ ಹತ್ತಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿದ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಡಬೇಕು, ಅವನು ಬೀಗನೇ ಆಗಲಿ, ಸಾಹುಕಾರನೇ ಆಗಲಿ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ಮ್ಯಾಟು ಬಿಚ್ಚಿ ಸೋಪಿನ ನೀರಿನಲ್ಲಿ ತಿಕ್ಕಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ. ಆ ಪೂಜೆಯಲ್ಲಿ ದೇವರಿಗಿಂತ ಮ್ಯಾಟಿಗೇ ಹೆಚ್ಚು ಉಪಚಾರ.

ಅವರ ಮ್ಯಾಟು ಸವೆಯದೆ ಇರುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಅವರು ಬರಿಗಾಲಲ್ಲಿ ಓಡಿಸುತ್ತಿದ್ದರು. ಅದು ಮಗ್ಗದಿಂದ ಬಂದ ರೂಢಿ. ಪಾವರ್‌ಲೂಮ್ ಬರುವ ಮೊದಲು ಮನೆಯಲ್ಲಿ ಕುಣಿಮಗ್ಗ ಇತ್ತು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಮರದ ತುಳಿಮಣೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯುವ ಮಗ್ಗ. ಕುಣಿಗೆ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಹೊಸದಾಗಿ ಕೂತವನ ಹಿಮ್ಮಡಿ ಒಂದು ಕಡೆ ನಿಲ್ಲುವುದಿಲ್ಲ, ಕುಣಿಯ ಮಣ್ಣನ್ನು ಎಲ್ಲ ಕಡೆ ಕೆರೆಯುತ್ತದೆ. ತಿಂಗಳುಗಳು ಕಳೆದ ಮೇಲೆ ಹಿಮ್ಮಡಿ ತನ್ನ ಜಾಗ ಹುಡುಕಿಕೊಂಡು, ಅಲ್ಲೇ ಊರಿ, ಬಟ್ಟಲಿನಷ್ಟು ತಗ್ಗು ಮಾಡುತ್ತದೆ. ನನ್ನ ಮಾವನವರು ಮಗ ನೇಯ್ದ ಬಟ್ಟೆಯನ್ನು ನೋಡಿ ಏನೂ ಹೇಳುತ್ತಿರಲಿಲ್ಲವಂತೆ. ವಾರಕ್ಕೊಮ್ಮೆ ಕುಣಿಯೊಳಗೆ ಕೈ ಇಳಿಸಿ ನೆಲ ಸವರಿ ನೋಡಿ ಸುಮ್ಮನೆ ಎದ್ದು ಹೋಗುತ್ತಿದ್ದರಂತೆ. ಒಂದು ದಿನ ಸವರಿ, "ಹಿಮ್ಮಡಿ ನಿಂತಾವ" ಅಂದರಂತೆ. ಮರುದಿನದಿಂದ ಮಗನ ಕೈಗೆ ರೇಷ್ಮೆ ಅಂಚಿನ ದಡಿ ಸೀರೆ ನೇಯಲು ಕೊಟ್ಟರು. ಇದನ್ನು ನನ್ನ ಅತ್ತೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ನಾನು ಮಾತ್ರ ಆ ಕುಣಿಗೆ ಒಂದು ದಿನವೂ ಇಳಿದವಳಲ್ಲ. ಬೇರೆ ಮನೆಗಳಲ್ಲಿ ಹೆಂಗಸರು ನೇಯುತ್ತಾರೆ. ಈ ಮನೆಯಲ್ಲಿ ಹೆಂಗಸರು ನೂಲನ್ನು ಕೊಳವೆಗೆ ಸುತ್ತಿ ಕಂಡಿಕೆ ಮಾಡಬೇಕು, ಲಾಳಿಗೆ ನೂಲು ತುಂಬಿ ಕೊಡಬೇಕು, ಹಾಸಿನ, ಅಂದರೆ ಮಗ್ಗದ ಉದ್ದೆಳೆಯ, ನೂಲಿಗೆ ಗಂಜಿ ಬೇಯಿಸಬೇಕು. ಕೂತು ನಡೆಸುವುದು ಗಂಡಸರ ಪಾಲು. ಇಪ್ಪತ್ತೇಳು ವರ್ಷ ನಾನು ಗೋಡೆಗೆ ಬೆನ್ನು ಹಚ್ಚಿ ಕೂತು ಇನ್ನೊಬ್ಬರ ಕೈಗೆ ನೂಲು ಕೊಟ್ಟವಳು.

ಹೀಗಿರುವಾಗ ಗಂಡನಿಗೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಜಮಖಂಡಿಯ ಡಾಕ್ಟರು ಇನ್ನು ಗಾಡಿ ಮುಟ್ಟಬೇಡಿ ಅಂದರು. ಮನೆಗೆ ಬಂದು ಸಂಜೆಯ ತನಕ ಕಟ್ಟೆಯ ಮೇಲೆಯೇ ಕೂತರು. ಆಮೇಲೆ, "ಗಾಡಿ ಮಾರಿಬಿಡೂನು. ತೇರದಾಳದ ವ್ಯಾಪಾರಿ ಎರಡು ವರ್ಷದಿಂದ ಕೇಳಾಕತ್ತಾನ" ಅಂದರು.

"ನಾ ಕಲೀತೇನ್ರಿ" ಅಂದೆ ನಾನು. ಬಾಯಿಂದ ಹೇಗೆ ಬಂತೋ, ಬಂತು.

"ನಲವತ್ತೆಂಟಕ್ಕ?"

"ಕಲಿಸಾವ್ರು ವಯಸ್ಸು ಕೇಳಂಗಿಲ್ಲಂತ."

ಅತ್ತೆ ಒಳಗಿನಿಂದ ನಕ್ಕರು. "ಲೇ ತಮ್ಮಾ, ಆಕಿ ಹಟ ನಿನಗ ಗೊತ್ತಿಲ್ಲೇನು? ಬ್ಯಾಡ ಅಂದಷ್ಟು ಮಾಡ್ತಾಳ."

ಅತ್ತೆಗೆ ಎಂಬತ್ತು ದಾಟಿದೆ, ಮೊಣಕಾಲು ಹೋಗಿವೆ, ನಾಲಿಗೆಗೆ ಮಾತ್ರ ಯಾವ ರೋಗವೂ ಇಲ್ಲ. ಅವರು ನನ್ನ ಪರ ವಹಿಸಿದ್ದು ಅದೇ ಮೊದಲು.

ಕಲಿತೆ. ನದಿ ಕಡೆಯ ಬಯಲಿನಲ್ಲಿ ಒಂದು ತಿಂಗಳು ಎದ್ದೂ ಬಿದ್ದೂ ಕಲಿತೆ. ಲೈಸೆನ್ಸ್ ಕೈಗೆ ಬಂದ ದಿನ ಗಂಡ ಕರಾರು ಹಾಕಿದರು. "ಶ್ರಾವಣ ಮುಗಿಯೂ ಮಟಾ ನೋಡೂನು. ಬೆನಕನ ಅಮಾಸಿಗೆ ತೇರದಾಳದವನಿಗೆ ಬಾ ಅಂದೇನಿ. ಆವತ್ತಿಗೆ ಗಾಡಿ ಹೆಂಗ ಐತೋ ಹಂಗ ಇದ್ರ ನಿನ್ನ ಕೈಯಾಗ ಇರ್ಲಿ. ಒಂದು ಗಾಯ ಆಗಿತ್ತಂದ್ರ ಅವಂಗ ಕೊಟ್ಟು ಕಳಸ್ತೇನಿ. ಮುಂದಿನ ಮಾತಿಲ್ಲ." ನನಗೆ ಮೈಯೆಲ್ಲ ಉರಿಯಿತು. ಆದರೂ ಹೂಂ ಅಂದೆ. ಗಾಡಿಯ ಮೇಲಿನ ಕಾಳಜಿ ಎಷ್ಟು, ನನ್ನ ಮೇಲಿನದು ಎಷ್ಟು ಅಂತ ಕೇಳುವಷ್ಟು ಪುರುಸೊತ್ತು ಆಗ ಇರಲಿಲ್ಲ.

ಓಡಿಸಲು ಶುರುಮಾಡಿದ ಮೇಲೆ ನನ್ನ ಬದುಕೇ ಬೇರೆಯಾಯಿತು. ಬೆನ್ನ ಹಿಂದೆ ದಿಂಬು ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಸೀರೆಯ ಗಂಟು ಹೇರಿಕೊಂಡು ಒಬ್ಬಳೇ ಬೀಳಗಿಗೆ ಹೋಗಿ ಬಂದೆ. ಒಬ್ಬಳೇ. ಜಮಖಂಡಿ ಪೇಟೆಯ ಸಂದಿಯಲ್ಲಿ ಗಾಡಿ ಹಿಂದಕ್ಕೆ ತಿರುಗಿಸಿದಾಗ ಚಹಾದಂಗಡಿಯಲ್ಲಿ ಕೂತವರೆಲ್ಲ ಕಪ್ಪು ಕೆಳಗಿಟ್ಟು ನೋಡಿದರು. ಎಲ್ಲೂ ತಾಗಿಸಲಿಲ್ಲ. ಎದೆ ಉಬ್ಬಿಸಿಕೊಂಡೇ ಮನೆಗೆ ಬಂದೆ. ಬಂದ ಕೂಡಲೇ ಗಂಡ ಕಟ್ಟೆಯಿಂದ ಇಳಿದು ಬರುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಅವರು ಕೈಯಿಂದಲೇ ನೋಡುವುದು. ಮುಂದಿನ ಬಂಪರಿನಿಂದ ಹಿಡಿದು ಹಿಂದಿನ ದೀಪದ ತನಕ ಅಂಗೈಯಿಂದ ಸವರುತ್ತ ಒಂದು ಸುತ್ತು ಹಾಕಿ, "ಹೂಂ" ಅನ್ನುತ್ತಿದ್ದರು. ಆ ಹೂಂ ಕೇಳಿದ ಮೇಲೆಯೇ ನನಗೆ ಅನ್ನ ಇಳಿಯುತ್ತಿದ್ದದ್ದು.

ಆದರೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಗಾಡಿಯ ಹೊರಮೈಯನ್ನು. ಗಾಯ ಆದದ್ದು ಒಳಗೆ.

ಶ್ರಾವಣಕ್ಕೆ ಮುಂಚಿನ ನಾಗರ ಅಮಾವಾಸ್ಯೆಗೆ ಮ್ಯಾಟು ತೊಳೆಯುವಾಗ ಅವರ ಬೆರಳು ಎಕ್ಸಲೇಟರ್ ಕೆಳಗಿನ ಜಾಗದಲ್ಲಿ ನಿಂತಿತು. "ಇಲ್ಲಿ ತೆಳ್ಳಗಾಗೇತಿ" ಅಂದರು. ಅಷ್ಟೇ ಅಂದರು. ನಾನು ಗಿಡ್ಡಿ, ಕಾಲು ಎಕ್ಸಲೇಟರಿಗೆ ಮುಟ್ಟಬೇಕೆಂದರೆ ಹಿಮ್ಮಡಿಯನ್ನು ಗಟ್ಟಿಯಾಗಿ ಊರಿಯೇ ಒತ್ತಬೇಕು. ಮೇಲಾಗಿ ನನ್ನದು ಗಟ್ಟಿ ಹಿಮ್ಮಡಿಯ ಚಪ್ಪಲಿ. ಎರೆ ಮಣ್ಣಿನ ಹರಳು ಅದರ ತಳಕ್ಕೆ ಕಚ್ಚಿಕೊಂಡಿದ್ದರೆ ಮ್ಯಾಟನ್ನು ಅರೆದ ಹಾಗೆಯೇ. ಹದಿನೈದು ದಿನದಲ್ಲಿ ಅಲ್ಲಿ ರೂಪಾಯಿ ಅಗಲದ ತೂತು ಬಿತ್ತು. ಮುಧೋಳದ ಅಂಗಡಿ ಮುಂದೆ ಇಳಿಯುವಾಗ ಅದನ್ನು ಕಂಡು ಬೆರಳು ಮಡಿಚಿ ದಿನ ಎಣಿಸಿದೆ. ಬೆನಕನ ಅಮಾವಾಸ್ಯೆಗೆ ಇನ್ನು ಹದಿನೈದು ದಿನ. ಆವತ್ತು ಮ್ಯಾಟು ಬಿಚ್ಚುವವರು ಅವರೇ, ಸವರುವವರು ಅವರೇ, ತೇರದಾಳದ ವ್ಯಾಪಾರಿಯೂ ಅಲ್ಲೇ ಇರುತ್ತಾರೆ. ಅದೇ ಬಣ್ಣದ ಮ್ಯಾಟು ಈಗ ಎಲ್ಲೂ ಸಿಗುವುದಿಲ್ಲ ಅಂತ ಜಮಖಂಡಿಯ ಗಾಡಿ ಸಾಮಾನಿನ ಅಂಗಡಿಯವನು ಮೊದಲೇ ಹೇಳಿದ್ದ. ಚಪ್ಪಲಿ ಬಿಡಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಬಿಟ್ಟು ನೋಡಿದೆ. ಆ ಚಪ್ಪಲಿಯ ಎತ್ತರವಿಲ್ಲದೆ ನನ್ನ ಕಾಲು ಬ್ರೇಕಿಗೆ ಪೂರ್ತಿ ಮುಟ್ಟುವುದಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಮೂರ್ಖತನ. ಗೋಣಿಚೀಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ತೂತಿನ ಮೇಲೆ ಹಾಸಿದೆ. ಮುಧೋಳದಿಂದ ಬರುವ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದರೆ ಅರ್ಧಕ್ಕೇ ನಿಂತಿತು. ಗೋಣಿ ಜಾರಿ, ಮುದುಡಿ, ಬ್ರೇಕಿನ ಕೆಳಗೆ ಹೋಗಿ ಕೂತಿತ್ತು. ಕೈಬ್ರೇಕ್ ಎಳೆದೆ, ಗಾಡಿ ಕೊನೆಯ ಕುರಿಯ ಬಾಲದ ಹತ್ತಿರ ನಿಂತಿತು. ಕಂಬಳಿ ಹೊದ್ದ ಕುರುಬರ ಮುದುಕ ಕಿಟಕಿಯ ಹತ್ತಿರ ಬಂದು ನನ್ನನ್ನೂ ಕುರಿಯನ್ನೂ ನೋಡಿ, "ಸಾವಕಾಶ ಯವ್ವಾ, ಬೀರಪ್ಪ ದೇವ್ರು ಇವತ್ತ ಇಬ್ರನ್ನೂ ನೋಡ್ಯಾನ" ಅಂದ. ಗೋಣಿಯನ್ನು ಅಲ್ಲೇ ಕಿತ್ತು ಅವನ ಕೈಗೆ ಕೊಟ್ಟೆ. ಅಂದಿನಿಂದ ಒಂದು ಮಾತು ತಲೆಯಲ್ಲಿ ಕೂತಿದೆ. ಕಾಲಡಿ ಹಾಕುವುದು ಏನೇ ಇರಲಿ, ಅದು ಹೊಲಿದಿರಬೇಕು. ಸಡಿಲ ಹಾಸುವವರನ್ನು ಕಂಡರೆ ಈಗಲೂ ಬೈಯುತ್ತೇನೆ, ಗುರುತು ಇರಲಿ ಬಿಡಲಿ.

ಎರಡನೆಯದು ಸೈಕಲ್ ಟ್ಯೂಬು. ಸೀಳಿ, ಮ್ಯಾಟಿಗೆ ದಬ್ಬಳದಿಂದ ಹೊಲಿದೆ. ಜಾರಲಿಲ್ಲ, ನಿಜ. ಆದರೆ ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗೆಲ್ಲ ಸುಟ್ಟ ವಾಸನೆ. ಬೀಳಗಿಯ ಅಂಗಡಿಯವರು ಸೀರೆ ಮೂಸಿ ನೋಡಿ, "ಏನ್ರಿ, ಈ ಸಲ ಪಂಕ್ಚರ್ ಅಂಗಡ್ಯಾಗ ನೇಯ್ದೀರೇನು?" ಅಂದರು. ಆ ಮಾತು ಚುಚ್ಚಿತು. ಟ್ಯೂಬೂ ಹೋಯಿತು.

ಆಮೇಲೆ ನನ್ನ ಕಣ್ಣು ಬಿದ್ದದ್ದು ಮಗ್ಗದ ಮೂಲೆಯ ಕಸದ ಮೇಲೆ. ಹಾಸು ಮುಗಿದಾಗ ತುದಿಯಲ್ಲಿ ಮೊಳದುದ್ದದ ನೂಲು ಉಳಿಯುತ್ತದೆ, ದಡಿಯ ಎಳೆಗಳೂ ಇರುತ್ತವೆ. ಯಾರಿಗೂ ಬೇಡದ್ದು. ಅದನ್ನು ಹಿಡಿಹಿಡಿಯಾಗಿ ಮೂರು ಕಾಲಿನ ಜಡೆ ಹೆಣೆದೆ. ಜಡೆಯನ್ನು ಚಕ್ಕುಲಿಯ ಹಾಗೆ ಸುತ್ತಿ, ಸುತ್ತು ಸುತ್ತಿಗೂ ಹೊಲಿಗೆ ಹಾಕಿದೆ. ಎಂಥ ಚೆಂದ ಬಂತು ಅಂತೀರಿ. ಇಪ್ಪತ್ತೇಳು ವರ್ಷ ನೂಲು ಮುಟ್ಟಿದ ಕೈಗೆ ಮೊದಲ ಸಲ ತನ್ನದು ಅಂತ ಒಂದು ವಸ್ತು ಆಗಿತ್ತು. ಮ್ಯಾಟಿಗೆ ಹೊಲಿಯುವ ಮುಂಚೆ ಅದು ಸ್ವಲ್ಪ ಮೆತ್ತಗಿದೆ ಅನ್ನಿಸಿತು. ಮೆತ್ತಗಿದ್ದರೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಉತ್ತರ. ಗಂಜಿ. ಮನೆಗೆ ಬಂದ ನೂಲು ಗಂಜಿ ಕುಡಿಯದೆ ಮಗ್ಗಕ್ಕೆ ಹೋದದ್ದನ್ನು ನಾನು ಕಂಡಿಲ್ಲ. ಪಾತ್ರೆ ತುಂಬ ಗಂಜಿ ಬೇಯಿಸಿ, ತುಂಡನ್ನು ಮುಳುಗಿಸಿ ಹಿಂಡಿ, ಬಿಸಿಲಿಗೆ ಒಣಗಿಸಿದೆ. ಹಲಗೆಯಷ್ಟು ಬಿರುಸಾಯಿತು. ಹೊಲಿದು ಕೂರಿಸಿ, ಕಾಲಿಟ್ಟು ನೋಡಿ, ನನಗೆ ನಾನೇ ಶಭಾಷ್ ಅಂದುಕೊಂಡೆ.

ಗಾಡಿ ನಿಲ್ಲುವುದು ಮಗ್ಗದ ಶೆಡ್ಡಿನ ಪಕ್ಕ. ಶೆಡ್ಡಿನಲ್ಲಿ ಗಂಜಿಯ ನೂಲಿಗೇ ಹುಟ್ಟಿ ಬೆಳೆದ ಇಲಿಗಳಿವೆ. ಮಗ್ಗದ ಹಾಸಿನ ಮೇಲೆ ಇಲಿ ಬಾರದಿರಲಿ ಅಂತ ನಾವು ಎಷ್ಟು ಜತನ ಮಾಡುತ್ತೇವೆ, ಅದೇ ಗಂಜಿಯನ್ನು ನಾನು ಗಾಡಿಯೊಳಗೆ ನೈವೇದ್ಯ ಇಟ್ಟಿದ್ದೆ. ನೇಕಾರರ ಮನೆಯವಳಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುವುದಿಲ್ಲ. ಎರಡು ದಿನ ಗಾಡಿ ತೆಗೆದಿರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಚಕ್ಕುಲಿ ಇರಲಿಲ್ಲ. ಬಣ್ಣಬಣ್ಣದ ಚೂರು, ಇಲಿಯ ಹಿಕ್ಕೆ, ನಡುವೆ ಮ್ಯಾಟಿನಲ್ಲಿ ತಾಟಿನಷ್ಟು ಅಗಲದ ತೂತು. ಗಂಜಿಯ ಪುಡಿ ಉದುರಿದ ಮ್ಯಾಟಿನ ಜೂಲನ್ನೂ ಅವು ಬಿಟ್ಟಿರಲಿಲ್ಲ. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತುಬಿಟ್ಟೆ. ಮ್ಯಾಟಿಗಾಗಿ ಅಳಲಿಲ್ಲ. ಮತ್ತೆ ಗೋಡೆಗೆ ಬೆನ್ನು ಹಚ್ಚಿ ಕೂರಬೇಕಲ್ಲ ಅಂತ ಅತ್ತದ್ದು.

ಮುಚ್ಚಿಡಲು ಸಮಯವೂ ಇರಲಿಲ್ಲ. ತೇರದಾಳದ ವ್ಯಾಪಾರಿ ಬೇಗ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ಗಂಡ ಬಕೆಟ್ಟು ಹಿಡಿದುಕೊಂಡು ಬಂದು, ಡ್ರೈವರ್ ಕಡೆಯ ಬಾಗಿಲು ತೆಗೆದು, ಮ್ಯಾಟು ಎಳೆದರು. ಅವರ ಕೈ ತೂತಿನೊಳಗೆ ಪೂರ್ತಿ ಇಳಿಯಿತು.

"ಇದು ಇಲಿ ಕಡದದ್ದು" ಅಂದರು ನಿಧಾನವಾಗಿ. "ಇಲಿ ಇಲ್ಲಿಗೆ ಯಾಕ ಬಂತು?"

ನಾನು ಸುಳ್ಳು ಹೇಳಬಹುದಿತ್ತು. ಇಲಿಯ ತಲೆಗೆ ಎಲ್ಲ ಕಟ್ಟಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿತ್ತು.

"ನಾ ಗಂಜಿ ಹಾಕಿದ್ದೆ, ಅದಕ್ಕ ಬಂತು. ಇಲಿಗಿಂತ ಮೊದಲ ನನ್ನ ಹಿಮ್ಮಡಿ ತೂತು ಬೀಳಿಸಿತ್ತು. ಅದನ್ನ ಮುಚ್ಚಾಕ ಮಾಡಿದ್ದೆ. ಹೊರಗ ಒಂದು ಗೆರಿ ಬಿದ್ದಿಲ್ಲ, ನೀವ ದಿನಾ ಸವರಿ ನೋಡೀರಿ. ಬೀಳಗಿ ಮಟಾ ಹೋಗಿ ಬಂದೇನಿ. ಒಂದು ಮ್ಯಾಟಿನ ಸಲುವಾಗಿ ಕೊಡತೀರೇನು? ಕೊಡ್ರಿ. ಆದ್ರ ಗಾಡಿ ಓಡಸಾಕ ಬರಂಗಿಲ್ಲ ಅಂತ ಮಾತ್ರ ಅನಬ್ಯಾಡ್ರಿ."

ಅತ್ತೆಗೆ ನಗು ತಡೆಯಲಿಲ್ಲ. "ಗಂಜಿ ಹಾಕಿದ್ದಿ ಏನ ಬೇ? ಗಾಡಿಗೆ?" ಅಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತೇರದಾಳದವರು ಎದ್ದು ಬಂದು ತೂತು ನೋಡಿ, "ಹೋಗ್ಲಿ ಬಿಡ್ರಿ, ಮ್ಯಾಟ್ ನಾ ಹಾಕ್ಕೋತೇನಿ" ಅಂದರು, ಗಾಡಿ ಆಗಲೇ ತಮ್ಮದಾದವರ ಹಾಗೆ.

ಗಂಡ ಮ್ಯಾಟನ್ನು ಬದಿಗಿಟ್ಟು, ಬಾಗಿಲ ಹತ್ತಿರ ಮೊಣಕಾಲೂರಿ, ಗಾಡಿಯೊಳಗೆ ಕೈ ಇಳಿಸಿದರು. ಮ್ಯಾಟಿನ ಕೆಳಗೆ ಗಾಡಿಯದೇ ಒಂದು ದಪ್ಪ ಹಾಸು ಇರುತ್ತದೆ. ಅದನ್ನು ಆ ತುದಿಯಿಂದ ಈ ತುದಿಗೆ ಸವರಿದರು. ಮತ್ತೊಮ್ಮೆ ಸವರಿದರು. ಎಕ್ಸಲೇಟರ್ ಕೆಳಗೆ ಅಂಗೈ ನಿಂತಿತು. ಹೆಬ್ಬೆರಳಿನಿಂದ ಒತ್ತಿ ನೋಡಿದರು.

ಅತ್ತೆಯ ನಗು ನಿಂತಿತ್ತು. ಈ ಕೈ ಇಳಿಸುವುದನ್ನು ಅವರು ಮೊದಲೂ ಕಂಡವರು. "ಏನ ಸಿಕ್ತೋ?" ಅಂದರು.

"ತಗ್ಗು ಬಿದ್ದೈತಿ."

"ಎಷ್ಟ ಅದಾವ?"

"ಒಂದ ಐತಿ. ಬ್ಯಾರೆ ಎಲ್ಲೂ ಕೆರದಿಲ್ಲ."

ಅತ್ತೆ ಕಂಬ ಬಿಟ್ಟು ನೆಟ್ಟಗೆ ಕೂತರು. "ಹಂಗಾದ್ರ ನಿಮ್ಮಪ್ಪ ಏನಂತಿದ್ದ, ಅದನ್ನ ಹೇಳು" ಅಂದರು.

ಗಂಡ ಎದ್ದು, ಕೈ ಒರೆಸಿಕೊಂಡು, ತೇರದಾಳದವರು ನಿಂತ ಕಡೆ ತಿರುಗಿ, "ಸಾಹುಕಾರ್ರ, ಸುಮ್ಮನ ತ್ರಾಸ ಕೊಟ್ಟೆ. ಗಾಡಿ ಕೊಡೂದಿಲ್ಲ" ಅಂದರು. "ಹಿಮ್ಮಡಿ ನಿಂತಾವ."

ತೇರದಾಳದವರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಎಲ್ಲ ಅರ್ಥವಾಯಿತು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ, ಬಂದು ವ್ಯಾಪಾರಿಗೆ ಇನ್ನೊಂದು ಕಪ್ಪು ಚಹಾ ಕೊಟ್ಟೆ. ಬಸಿಯಲ್ಲಿ ಅರ್ಧ ಚಹಾ ಚೆಲ್ಲಿತ್ತು.

ಆ ಮಧ್ಯಾಹ್ನವೇ ಗಂಡ ನನ್ನನ್ನು ಸೀಟಿನಲ್ಲಿ ಕೂರಿಸಿ, ಚಪ್ಪಲಿ ಸಮೇತ ಕಾಲು ಇಡಲು ಹೇಳಿ, ಹಿಮ್ಮಡಿಯ ಸುತ್ತ ಮಗ್ಗದ ಹಾಸಿನ ಮೇಲೆ ಗುರುತು ಹಾಕುವ ಸುಣ್ಣದ ಕಡ್ಡಿಯಿಂದ ಗೆರೆ ಎಳೆದರು. ಕಣ್ಣು ಮಂಜಾಗಿದ್ದರೂ ಗೆರೆ ಸರಿಯಾಗಿತ್ತು, ನನ್ನ ಪಾದವನ್ನು ಒಂದು ಕೈಯಲ್ಲಿ ಹಿಡಿದೇ ಎಳೆದಿದ್ದರು. ಜಡೆ ಮತ್ತೆ ನಾನೇ ಹೆಣೆದೆ, ಈ ಸಲ ನಾಲ್ಕು ಕಾಲಿನದು, ಬಿಗಿಯಾಗಿ. ಗಂಜಿ ಇಲ್ಲ. ಗಂಜಿ ಹಾಕಿದ ನೂಲನ್ನು ಮೊದಲು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಗಂಜಿ ಬಿಡಿಸುವುದು, ಆಮೇಲೆ ಹೆಣೆಯುವುದು. ಗಟ್ಟಿತನಕ್ಕೆ ಗಂಜಿಯ ಬದಲು ಒಳಪದರಕ್ಕೆ ಹಳೆಯ ಜೀನ್ಸ್ ಪ್ಯಾಂಟಿನ ಎರಡು ತುಂಡು. ಹರಿದ ಮ್ಯಾಟಿಗೆ ಅಡಿಯಿಂದ ಗೋಣಿ ಕೊಟ್ಟು, ಜಾರದಂತೆ ಸೀಟಿನ ಕಬ್ಬಿಣಕ್ಕೆ ಎರಡು ಕಡೆ ದಾರ ಕಟ್ಟಿ, ಎಲ್ಲ ಹೊಲಿದವರು ಅವರು. ದಬ್ಬಳ ಹಿಡಿದು ಬೆರಳಿನಿಂದ ತಡಕಿ ತಡಕಿ ಹೊಲಿದರು. ಒಂದು ಹೊಲಿಗೆ ಸೊಟ್ಟಗಿದ್ದರೆ ನಾನು ಹೇಳುತ್ತಿದ್ದೆ, ಅವರು ಬಿಚ್ಚುತ್ತಿದ್ದರು. ಅಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದಕ್ಕೆ ಅವರು ಬಿಚ್ಚಿ ಹೊಲಿದದ್ದು ಅದೇ ಮೊದಲು.

ಆ ತುಂಡು ನಾಲ್ಕು ತಿಂಗಳು ಬಂತು. ಸವೆದಾಗ ಮ್ಯಾಟಿಗೆ ಏನೂ ಆಗುವುದಿಲ್ಲ, ತುಂಡನ್ನು ಬಿಚ್ಚಿ ಹೊಸದನ್ನು ಹೊಲಿದರಾಯಿತು. ಈಗ ಆರನೆಯದು ನಡೆದಿದೆ. ಬೀಳಗಿಯ ಅಂಗಡಿಯವರು, ಅದೇ ಪಂಕ್ಚರ್ ಮಾತು ಆಡಿದವರು, ತಮ್ಮ ಗಾಡಿಗೂ ಒಂದು ಬೇಕು ಅಂತ ಎರಡು ಸಲ ಕೇಳಿ ಮಾಡಿಸಿಕೊಂಡರು. ಬನಹಟ್ಟಿಯ ನನ್ನ ತಂಗಿಯ ಮನೆಗೆ ಒಂದು ಹೋಯಿತು, ಜಮಖಂಡಿಯ ಡಾಕ್ಟರಿಗೂ ಒಂದು. ಅವರಿಗೆ ಕೊಡುವಾಗ, "ನೀವ ಗಾಡಿ ಬ್ಯಾಡ ಅಂದದ್ದಕ್ಕ ಇದು ಹುಟ್ಟಿತ್ರಿ" ಅಂದೆ. ಡಾಕ್ಟರು ನಕ್ಕರು. ಹಿಂದಿನ ಸೀಟಿನ ಕೆಳಗೂ ಹಾಸಿದ್ದೇನೆ, ಆದರೆ ಕಾಲು ಎರಡು ಸಲ ಜಾಡಿಸುವ ನೇಮ ಮಾತ್ರ ಬಿಟ್ಟಿಲ್ಲ. ಅದನ್ನು ಹೇಳುವ ಕೆಲಸ ಈಗಲೂ ನನ್ನ ಗಂಡನದೇ. ಅವರು ಎಡಗಡೆಯ ಸೀಟಿನಲ್ಲಿ ಕೂತಿರುತ್ತಾರೆ. ಅಂಗಡಿಗಳಿಗೆ ಜೊತೆಗೆ ಬರುತ್ತಾರೆ. ಸೀರೆಯ ಸೆರಗನ್ನು ಬೆರಳಿನಿಂದ ಮುಟ್ಟಿಯೇ ಇದು ಯಾವ ಮಗ್ಗದ್ದು ಅಂತ ಹೇಳುವುದನ್ನು ಕೇಳಲು ಜನ ಸೇರುತ್ತಾರೆ.

ಅವರಿಗೆ ಈಗ ಬೆಳಕು ಕತ್ತಲೆ ಬಿಟ್ಟು ಹೆಚ್ಚೇನೂ ಗೊತ್ತಾಗುವುದಿಲ್ಲ. ಸಂಜೆ ಗಾಡಿಯನ್ನು ಸವರಿ ನೋಡುವುದನ್ನು ಎಂದೋ ಬಿಟ್ಟಿದ್ದಾರೆ. ಅಮಾವಾಸ್ಯೆಯ ದಿನ ಮಾತ್ರ ಮ್ಯಾಟು ಬಿಚ್ಚುವವರು ಅವರೇ. ಬಾಗಿಲ ಹತ್ತಿರ ಮೊಣಕಾಲೂರಿ, ನನ್ನ ಹೆಣಿಗೆಯ ಮೇಲೆ ಹೆಬ್ಬೆರಳು ಇಟ್ಟು, ತಗ್ಗು ಹುಡುಕುತ್ತಾರೆ. ನಾನು ಬಕೆಟ್ಟು ಹಿಡಿದು ಪಕ್ಕದಲ್ಲಿ ನಿಂತಿರುತ್ತೇನೆ.

"ಅದ ಜಾಗ, ಸರದಿಲ್ಲ" ಅನ್ನುತ್ತಾರೆ. ನಾನು ನೀರು ಹಾಕುತ್ತೇನೆ.